ಕೂಗಿಗೆ ಓಗೊಡದ ದಿನ

ಆ ದಿನ ನಿನ್ನ ಕೂಗು ನನಗೆ ಕೇಳಿಸಿತ್ತು, ಪ್ರಮೀಳಾ. ಕೇಳಿಸಲಿಲ್ಲ ಎಂದು ನಿನಗೆ ಹೇಳಿದೆ, ಜೊತೆಗಿದ್ದವರಿಗೆ ಹೇಳಿದೆ, ನಿನ್ನ ರೋಹಿಣಿ ಅತ್ತಿಗೆಗೂ ಹೇಳಿದೆ. ಆದರೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಎರಡು ಗಿಡ್ಡ, ಕೊನೆಗೊಂದು ಉದ್ದ — ಶಿರಾಡಿಯ ಕಾಡಿನಲ್ಲಿ ಹಾಗೆ ಕೂ ಹಾಕುವವಳು ನೀನೊಬ್ಬಳೇ. ಕೇಳಿಸಿಕೊಂಡು, ಓಗೊಡದೆ, ನಾನು ತಿರುಗಿ ಇಳಿದು ಬಂದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂದೇ. ನಮ್ಮ ನಗು, ಜಗಳ, ಬೈಗುಳ ಎಲ್ಲ ಆದದ್ದು ತುಳುವಿನಲ್ಲಿ. ತುಳುವಿನಲ್ಲಿ ಶುರು ಮಾಡಿದರೆ ನಾನು ಮಾತು ತೇಲಿಸಿಬಿಡುತ್ತೇನೆ, ನೀನು ನಗಿಸಿಬಿಡುತ್ತೀಯ, ಇಷ್ಟು ವರ್ಷ ಆದದ್ದೂ ಅದೇ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಇದನ್ನು ಅತ್ತಿಗೆಯೂ ಓದಬೇಕು.

ಘಾಟಿ ಬಂದ್ ಎಂದರೆ ಮಂಗಳೂರಿಗೆಲ್ಲ ತಲೆಬಿಸಿ. ಶಿರಾಡಿಯಲ್ಲಿ ಕಾಂಕ್ರೀಟು ಹಾಕುತ್ತಾರೆಂದರೆ ಬಸ್ಸುಗಳೆಲ್ಲ ಚಾರ್ಮಾಡಿಗೆ. ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ ಎಲ್ಲರೂ ಸಂಪಾಜೆಗೆ. ಊರೇ ರಸ್ತೆಗೆ ಬೈಯುವಾಗ ನಾವಿಬ್ಬರು ಮಾತ್ರ ಒಳಗೊಳಗೇ ಕುಣಿಯುತ್ತಿದ್ದೆವು. ಲಾರಿಗಳಿಲ್ಲದ ಘಾಟಿಯಲ್ಲಿ ಹೊಳೆಯ ಸದ್ದು ರಸ್ತೆಯವರೆಗೂ ಬರುತ್ತದೆ. ಹಕ್ಕಿಗಳು ಡಾಮರಿನ ಮೇಲೇ ಇಳಿದು ಓಡಾಡುತ್ತವೆ. ಅದಕ್ಕೇ ನಮ್ಮ ಹೆಂಗಸರ ಗುಂಪಿನ ಚಾರಣಗಳನ್ನು ನಾವು ರಸ್ತೆ ಕೆಲಸಕ್ಕೆ ಸರಿಯಾಗಿ ಹೊಂದಿಸಿಕೊಳ್ಳುತ್ತಿದ್ದೆವು. ಪೇಪರಿನಲ್ಲಿ ಬರುವ ದಿನಾಂಕವನ್ನು ನಂಬುವ ಹಾಗಿರಲಿಲ್ಲ. ಕಂಕನಾಡಿಯಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಲಾರಿ ಡ್ರೈವರುಗಳು ಬೆನ್ನುನೋವಿನ ಮುಲಾಮಿಗೆ ಬಂದರೆ ನಾನು ಮೊದಲು ವಿಚಾರಿಸುತ್ತಿದ್ದದ್ದು ಘಾಟಿಯನ್ನು, ಆಮೇಲೆ ಬೆನ್ನನ್ನು. ಘಾಟಿಯ ಬುಡದಲ್ಲಿರುವ ಗುಂಡ್ಯದ ಚಹಾ ಹೋಟೆಲಿಗೆ ಫೋನ್ ಮಾಡಿ, ಗೇಟು ಎಲ್ಲಿ ಹಾಕಿದ್ದಾರೆ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿ, ಅರಣ್ಯ ಇಲಾಖೆಯ ಅನುಮತಿ ಮಾಡಿಸಿ, ಯಾವ ಭಾನುವಾರ ಹೋಗುವುದೆಂದು ಗೊತ್ತು ಮಾಡುವುದು ನನ್ನ ಪಾಲಿನ ಕೆಲಸ.

ಒಂದು ತೊಂದರೆ ಇತ್ತು. ನಡುವೆ ರಸ್ತೆ ಮುಚ್ಚಿದ್ದರೆ, ಕಾಡು ಹತ್ತಿ ಮೇಲೆ ಸೇರಿದವರು ಮನೆಗೆ ಬರುವುದು ಹೇಗೆ? ವಾಹನ ಕೆಳಗೇ ಉಳಿದಿರುತ್ತದೆ. ಬಜಪೆಯಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ನನಗದು ಹೊಳೆಯಿತು. ಎರಡು ಗುಂಪು ಮಾಡುವುದು. ಒಂದು ಗುಂಪು ಗುಂಡ್ಯದಲ್ಲಿ ವಾಹನ ಬಿಟ್ಟು ಹತ್ತುವುದು. ಇನ್ನೊಂದು ಹಿಂದಿನ ದಿನವೇ ಚಾರ್ಮಾಡಿ ಸುತ್ತಿ ಸಕಲೇಶಪುರಕ್ಕೆ ಹೋಗಿ, ಬೆಳಿಗ್ಗೆ ಮೇಲಿನಿಂದ ಇಳಿಯುವುದು. ಹೊಳೆಯ ಪಕ್ಕದ ಚಪ್ಪಟೆ ಬಂಡೆಯಲ್ಲಿ ಸೇರಿ, ಊಟ ಮಾಡಿ, ಕೀ ಬದಲಾಯಿಸಿಕೊಂಡು ಮುಂದೆ ಹೋಗುವುದು. ದುಬೈಯಿಂದ ಬಂದ ತಮ್ಮ ತೆಗೆಸಿಕೊಟ್ಟ ನನ್ನ ಹಳೆಯ ಓಮ್ನಿ ನಿನಗೆ. ನಿನ್ನ ಗಂಡನ ದೊಡ್ಡ ಕಾರು ನನಗೆ. ಆ ಕಾರು ಓಡಿಸುವ ಆಸೆಗೇ ನಾನು ಇದನ್ನು ಕಂಡುಹಿಡಿದದ್ದು ಎಂದು ನೀನು ಛೇಡಿಸುತ್ತಿದ್ದೆ.

ಕೋರಿ ರೊಟ್ಟಿಯ ಕ್ರಮ ನಿನ್ನದು, ಅದನ್ನು ಒಪ್ಪುತ್ತೇನೆ. ಗರಿಗರಿ ರೊಟ್ಟಿ ಕೆಳಗಿನವರ ಕೈಯಲ್ಲಿ, ಕೋಳಿ ಸಾರು ಮೇಲಿನವರ ಕೈಯಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುವ ಹಾಗಿಲ್ಲ. ಆ ಕಾಡಿನಲ್ಲಿ ಫೋನ್ ಸಿಗುವುದಿಲ್ಲ, ಅದಕ್ಕೆ ಇದ್ದದ್ದು ಒಂದೇ ನಿಯಮ: ಮೊದಲು ಬಂದವರು ಕಾಯಬೇಕು. ಹತ್ತಿರವಾದಾಗ ಮೇಲಿನವರು ಕೂ ಹಾಕಬೇಕು, ಕೆಳಗಿನವರು ಓಗೊಡಬೇಕು. ಓಗೊಟ್ಟದ್ದು ಕೇಳಿದರೆ ಎಷ್ಟೇ ಸುಸ್ತಾದವರ ಕಾಲಿಗೂ ಜೀವ ಬರುತ್ತಿತ್ತು.

ಇನ್ನು ನನಗೆ ಆದ ನೋವು. ಅದನ್ನು ಹೇಳದಿದ್ದರೆ ನನ್ನ ತಪ್ಪಿನ ಕಥೆ ಪೂರ್ತಿಯಾಗುವುದಿಲ್ಲ.

ನೀನು ಪಾಠ ಮಾಡುವ ಬಲ್ಮಠದ ಕಾಲೇಜಿನ ಹಾಲಿನಲ್ಲಿ, ನಮ್ಮ ಈ ಚಾರಣಗಳಿಗಾಗಿ, ನಿನಗೆ ಸನ್ಮಾನ. ಹಾರ, ಶಾಲು, ಹಣ್ಣಿನ ಬುಟ್ಟಿ. ನಾನು ಎರಡನೇ ಸಾಲಿನಲ್ಲಿ ನಿನ್ನ ಹ್ಯಾಂಡ್‌ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಮೈಕಿನ ಮುಂದೆ ನೀನು ಹೇಳಿದೆ: "ಈ ಕೀ ಬದಲಾಯಿಸುವ ಉಪಾಯ ನನಗೆ ಹೊಳೆದದ್ದು ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ." ಬಸ್ಸನ್ನೂ ಬಿಡಲಿಲ್ಲ ನೀನು! ನೀನು ಕೊನೆಯ ಬಾರಿ ಬಸ್ಸು ಹತ್ತಿದ್ದು ಯಾವಾಗ ಎಂದು ಎದ್ದು ಕೇಳಬೇಕೆನಿಸಿತು. ಕಡೆಗೆ 'ನನ್ನ ಜೊತೆ ಬರುವ ಗೆಳತಿಯರೂ ಇಲ್ಲಿದ್ದಾರೆ' ಎಂದು ನಮ್ಮತ್ತ ಕೈ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಜೊತೆ ಬರುವವಳು — ನಾನು ನಿನ್ನ ಜೊತೆ ಬರುವವಳಾಗಿದ್ದು ಯಾವಾಗ? ಹೊರಗೆ ಬಂದು ನೀನು ಬುಟ್ಟಿಯಿಂದ ಸೇಬು ತೆಗೆದು ನನ್ನ ಚೀಲಕ್ಕೆ ತುಂಬಿಸಿದೆ. ಮನೆಯಲ್ಲಿ ತಮ್ಮನ ಮಕ್ಕಳು ತಿಂದರು. ನಾನು ಮುಟ್ಟಲಿಲ್ಲ.

ಆಗಲೇ ಬೈದುಬಿಡಬೇಕಿತ್ತು. 'ಎಂತ ಪ್ರಮೀಳಾ, ನಾಚಿಕೆ ಇಲ್ವಾ ನಿನಗೆ' ಎಂದಿದ್ದರೆ ಸಾಕಿತ್ತು. ಬೈಯಲಿಲ್ಲ. ನಿನ್ನ ಮನೆಯವರಿಗೆ ಹೋಟೆಲು, ಜಮೀನು, ಸ್ಟೇಜು ಎಲ್ಲ ಉಂಟು. ನನಗೆ ಇದ್ದದ್ದು ಇದೊಂದು ಉಪಾಯ — ಅದನ್ನೂ ಎತ್ತಿಕೊಂಡಳಲ್ಲ, ಎತ್ತಿಕೊಂಡದ್ದು ಅವಳಿಗೆ ಗೊತ್ತೂ ಆಗಲಿಲ್ಲವಲ್ಲ... ಕೌಂಟರಿನಲ್ಲಿ ಮಾತ್ರೆ ಕತ್ತರಿಸಿ ಕೊಡುತ್ತಾ ಇದನ್ನೇ ಮೆಲುಕು ಹಾಕುತ್ತಿದ್ದೆ. ನೀನು ಫೋನ್ ಮಾಡಿದಾಗ ಮಾತ್ರ ಎಂದಿನ ಹಾಗೆ ನಗುತ್ತಿದ್ದೆ. ಮುಂದಿನ ಭಾನುವಾರದ ಚಾರಣವನ್ನೂ ಗೊತ್ತು ಮಾಡಿದೆ.

ಆ ಸಲ ನೀನು ರೋಹಿಣಿ ಅತ್ತಿಗೆಯನ್ನು ಕರೆದುಕೊಂಡು ಹೊರಟಿದ್ದೆ. ನಿನ್ನ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಬಜಪೆಯ ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಹೊಸ ಶೂ ಹಾಕಿಕೊಂಡು ಅಂಗಳದಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದಾರೆ ಎಂದು ನೀನೇ ಫೋನಿನಲ್ಲಿ ಹೇಳಿ ನಗಾಡಿದ್ದೆ. ಹಾಗಾಗಿ ಮೇಲಿನಿಂದ ಯಾರು ಇಳಿದು ಬರುತ್ತಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ.

ನಾನು ಮತ್ತು ಮೂವರು ಗೆಳತಿಯರು ಬಂಡೆ ಸೇರಿ, ಕಿತ್ತಳೆ ಸುಲಿದು ತಿನ್ನುತ್ತಾ ಕೂತೆವು. ಸ್ವಲ್ಪ ಹೊತ್ತು ಕಳೆದ ಮೇಲೆ 'ನೋಡಿ ಬರ್ತೇನೆ' ಎಂದು ನಾನೊಬ್ಬಳೇ ಮೇಲಿನ ತಿರುವಿನವರೆಗೆ ಹೋದೆ. ಆಗ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ದೂರವೇನಿರಲಿಲ್ಲ. ನಾನು ಅಭ್ಯಾಸದ ಬಲದಿಂದ ಅಂಗೈಗಳನ್ನು ಬಾಯಿಯ ಹತ್ತಿರ ತಂದಿದ್ದೆ, ಉಸಿರನ್ನೂ ಎಳೆದುಕೊಂಡಿದ್ದೆ —

ಅಷ್ಟರಲ್ಲಿ ಆ ಸ್ಟೇಜು ನೆನಪಾಯಿತು. ಕೂಗು ಮತ್ತೆ ಬಂತು; ಅದರಲ್ಲಿ ನಗು ಇತ್ತು, ಓಗೊಟ್ಟೇ ಕೊಡುತ್ತಾಳೆ ಎಂಬ ಧೈರ್ಯ ಇತ್ತು. ಆ ಧೈರ್ಯ ನೋಡಿಯೇ ನನಗೆ ಮೈ ಉರಿಯಿತು. ಒಂದು ಸಲ ಬಂದು ನೋಡಲಿ, ಬಂಡೆ ಖಾಲಿ ಇರಲಿ, ಉಪಾಯ ಯಾರದ್ದೆಂದು ಆಗ ಗೊತ್ತಾಗುತ್ತದೆ. ಇಷ್ಟೇ ಯೋಚಿಸಿದೆ. ಕೈ ಕೆಳಗಿಳಿಸಿದೆ. ಬಂಡೆಗೆ ಬಂದು ಹೇಳಿದೆ: "ಯಾರೂ ಇಲ್ಲ. ಮೇಲೆ ಗೇಟಲ್ಲೇ ತಡೆದಿರಬೇಕು. ಅವರು ಇನ್ನು ಬರುವುದಿಲ್ಲ, ಹೋಗುವ."

ಗೇಟಿನ ವಿಷಯದಲ್ಲಿ ನನ್ನ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇಳಿಯುವಾಗ ಒಬ್ಬಳು ನಿಂತು, ಏನೋ ಕೂಗಿದ ಹಾಗಾಯಿತಲ್ಲ ಎಂದಳು. ಸಿಂಗಳೀಕ ಇರಬೇಕು ಎಂದೆ. ಓಮ್ನಿಯಲ್ಲಿ ಕೂತು ಒಣ ರೊಟ್ಟಿ ಮುರಿದು ತಿಂದೆವು.

ಮುಂದಿನದ್ದನ್ನು ನೀನೇ ನನಗೆ ಹೇಳಿದ್ದು. ರಸ್ತೆ ಕೆಲಸದವರು ಆ ಬೆಳಿಗ್ಗೆ ಗೇಟನ್ನು ಇನ್ನೂ ಮೇಲಕ್ಕೆ ಸರಿಸಿದ್ದರಿಂದ ನೀವು ಕಾರನ್ನು ದೂರವೇ ಬಿಟ್ಟು ನಡೆದು ಬರಬೇಕಾಯಿತು. ಬಂಡೆಗೆ ಬಂದಾಗ ಕಿತ್ತಳೆ ಸಿಪ್ಪೆ ಇನ್ನೂ ಹಸಿಯಾಗಿತ್ತು. ಇಲ್ಲೇ ಎಲ್ಲೋ ಇದ್ದಾರೆ, ಬರುತ್ತಾರೆ ಎಂದು ನೀವು ಸಾರಿನ ಡಬ್ಬಿ ಎದುರಿಟ್ಟುಕೊಂಡು ಕಾದಿರಿ. ನೀನು ಗಂಟಲು ಕಟ್ಟುವವರೆಗೆ ಕೂ ಹಾಕಿದೆ. ಕೆಳಗಿಳಿದರೆ ವಾಹನವಿಲ್ಲ, ಬಂದ ದಾರಿಯನ್ನೇ ಹತ್ತಬೇಕಾಯಿತು. ರಸ್ತೆ ತಲುಪುವಾಗ ಕತ್ತಲಾಗಿತ್ತು. ಅಗೆದ ರಸ್ತೆಯ ಬದಿಯಲ್ಲಿ ಸುರಿದಿದ್ದ ಜಲ್ಲಿಯ ಮೇಲೆ ಅತ್ತಿಗೆ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಕೆಲಸದವರ ಜೀಪಿನಲ್ಲಿ ಸಕಲೇಶಪುರ. ಅಲ್ಲಿಂದ ನೇರ ದಾರಿ ಬಂದ್ ಇದ್ದುದರಿಂದ ಚಾರ್ಮಾಡಿಯ ತಿರುವುಗಳಲ್ಲಿ ಸುತ್ತಿ ಕಂಕನಾಡಿಯ ಆಸ್ಪತ್ರೆಗೆ. ಪ್ರತಿ ತಿರುವಿನಲ್ಲೂ ಅತ್ತಿಗೆ ನಿನ್ನ ಕೈಯನ್ನು ಹಿಂಡುತ್ತಿದ್ದರಂತೆ. ಕೈಯ ಮೇಲಿನ ಉಗುರಿನ ಗುರುತುಗಳನ್ನು ನೀನು ತೋರಿಸಿದೆ.

ತೋರಿಸಿದ್ದು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ. ನಾನು ಬಾಯಿ ತೆರೆಯಬೇಕಿದ್ದದ್ದು ಅಲ್ಲಿ. ಅದಕ್ಕೆ ಮೊದಲೇ ನೀನು ನನ್ನ ಕೈ ಹಿಡಿದುಕೊಂಡೆ.

"ನಾನು ತಡ ಮಾಡಿದೆ ಉಷಾ. ನನ್ನಿಂದಲೇ ಆದದ್ದು ಇದೆಲ್ಲ. ಅವತ್ತು ಸ್ಟೇಜಲ್ಲಿ ನಿನ್ನ ಐಡಿಯಾ ನನ್ನದು ಅಂತ ಹೇಳಿದೆನಲ್ಲ, ಹೇಳಿದ ಕೂಡಲೇ ಗೊತ್ತಾಯ್ತು. ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಕ್ಷಮಿಸಿಬಿಡು."

ನಿನಗೆ ಗೊತ್ತಿತ್ತು. ಸೇಬು ತುಂಬಿಸಿದ್ದು ಅದಕ್ಕೇ. ನನಗಾದ ನೋವು ನಿನಗೆ ಕಾಣಿಸಿತ್ತು, ನಿನ್ನ ಬಾಯಿಂದಲೇ ಅದು ಹೊರಬಂತು. ಈಗ ನನ್ನ ಸರದಿ. ಒಂದೇ ವಾಕ್ಯ ಸಾಕಿತ್ತು.

ನಾನು ನಿನ್ನ ಭುಜದ ಮೇಲೆ ಕೈಯಿಟ್ಟು, "ಆಯ್ತು, ಬಿಡು. ನಾವು ತುಂಬಾ ಹೊತ್ತು ಕಾದೆವು" ಎಂದೆ.

ಕೂಗಿಗೆ ಓಗೊಡದಿದ್ದದ್ದು ಸಿಟ್ಟಿನಲ್ಲಿ, ಅರೆಗಳಿಗೆಯಲ್ಲಿ ಆಗಿಹೋಯಿತು. ಇದು ಸಿಟ್ಟಿನಲ್ಲಿ ಆದದ್ದಲ್ಲ. ನಿನ್ನ ಕಣ್ಣೀರು ಒರೆಸುತ್ತಾ, ಸಮಾಧಾನವಾಗಿ, ಯೋಚಿಸಿಯೇ ಹೇಳಿದ್ದು. ನಾನು ಮಾಡಿದ್ದನ್ನು ನಿನ್ನ ತಲೆಗೆ ಕಟ್ಟಿ, ಅದಕ್ಕಾಗಿ ನಾನೇ ನಿನ್ನನ್ನು ಕ್ಷಮಿಸಿದೆ.

ಆಮೇಲೆ ನೀನು ಕಾಡಿಗೆ ಕಾಲಿಡಲಿಲ್ಲ. ಗುಂಪು ಚದುರಿತು. ಮರುವರ್ಷ ಅದೇ ಹಾಲಿನಲ್ಲಿ ನನಗೆ ಶಾಲು ಹೊದಿಸಿದರು. ಹೇಳಿ ಮಾಡಿಸಿದ್ದು ನೀನು. ಈ ಉಪಾಯ ಉಷಾಳದ್ದು ಎಂದು ನೀನೇ ಮೈಕಿನಲ್ಲಿ ಹೇಳಿ, ಕೆಳಗಿಳಿದು, ನನ್ನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನಾನು ಆ ಶಾಲು ಹೊದಿಸಿಕೊಂಡೆ, ಫೋಟೋಕ್ಕೂ ನಿಂತೆ. ನಿನ್ನಿಂದ ನನಗಾದ ಮೋಸ ಒಂದು ವಾಕ್ಯದ್ದು. ನನ್ನಿಂದ ನಿನಗಾದದ್ದು — ಅಳೆಯಲು ಹೊರಟರೆ ಅದೂ ಒಂದು ಜಾಣತನವಾದೀತು, ಬೇಡ.

ಅತ್ತಿಗೆ ಈಗಲೂ ಕೋಲೂರಿಕೊಂಡು ಮೆಡಿಕಲ್ಲಿಗೆ ಬರುತ್ತಾರೆ. ನೋವಿನ ಮಾತ್ರೆಯ ಪೊಟ್ಟಣವನ್ನು ಅವರ ಕೈಗೆ ಕೊಡುವವಳು ನಾನೇ. ಬಂದಾಗೆಲ್ಲ, ಅವತ್ತು ನಿಮ್ಮನ್ನು ಎಷ್ಟು ಹೊತ್ತು ಕಾಯಿಸಿದೆವು, ಪಾಪ, ಎನ್ನುತ್ತಾರೆ. ನಾನು ಚಿಲ್ಲರೆ ಹುಡುಕುವವಳ ಹಾಗೆ ತಲೆ ತಗ್ಗಿಸುತ್ತೇನೆ.

ಹೀಗೆಯೇ ಮುಗಿದುಹೋಗುತ್ತಿತ್ತೋ ಏನೋ. ಆದರೆ ಕಳೆದ ವಾರ ನಿನ್ನ ಫೋನ್ ಬಂತು. ಶಿರಾಡಿಯಲ್ಲಿ ಮತ್ತೆ ಕೆಲಸ ಶುರುವಂತೆ, ಮತ್ತೆ ಬಂದ್ ಅಂತೆ. ನಿನ್ನ ದನಿಯಲ್ಲಿ ಆ ಹಳೆಯ ಕುಣಿತ ಎಷ್ಟೋ ವರ್ಷದ ಮೇಲೆ ಕೇಳಿಸಿತು. "ನಾವಿಬ್ಬರೇ ಹೋಗುವ ಉಷಾ. ನೀನು ಕೆಳಗಿಂದ, ನಾನು ಮೇಲಿಂದ. ಈ ಸಲ ನಾನು ತಡ ಮಾಡುವುದಿಲ್ಲ."

ನಾನು ಹೂಂ ಎಂದೆ. ಫೋನಿಟ್ಟ ಮೇಲೆ ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ನೀನು ಆ ತಪ್ಪನ್ನು ಹೊತ್ತುಕೊಂಡೇ ಇದ್ದೆ, ಹೊತ್ತುಕೊಂಡೇ ಮತ್ತೆ ಆ ಬಂಡೆಗೆ ಬರಲು ಹೊರಟಿದ್ದೀಯ.

ನಾಳೆ ಬೆಳಿಗ್ಗೆ ಬಜಪೆಗೆ ಹೋಗುತ್ತೇನೆ. ಅತ್ತಿಗೆಯ ಎದುರು ಕೂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಓದಲು ಕೊಡುವುದು ಆಮೇಲೆ. ಅಲ್ಲಿಂದ ನೇರ ನಿನ್ನ ಮನೆಗೆ. ಅವತ್ತು ಜೊತೆಗಿದ್ದ ಮೂವರಿಗೂ ಹೇಳುವುದಿದೆ, ಅದು ಸಿಂಗಳೀಕ ಅಲ್ಲ ಎಂದು. ನೀನು ಬಾಗಿಲು ಹಾಕಿದರೆ ಹಾಕು. ಬೈದರೆ ತುಳುವಿನಲ್ಲೇ ಬೈ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಆ ಮಾತನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಹಾಳು ಮಾಡಿಯಾಗಿದೆ.

ಫೋನಿನಲ್ಲಿ ಹೇಳಿದ ಆ ಒಂದು ಮಾತನ್ನು ನೀನು ಹಿಂದಕ್ಕೆ ತೆಗೆದುಕೊಳ್ಳಬೇಕು, ಪ್ರಮೀಳಾ. ಅವತ್ತೂ ನೀನು ತಡ ಮಾಡಿರಲಿಲ್ಲ.