ಕೈಗಳು ಹರಟುವ ಲಾಂಡ್ರಿಯಲ್ಲಿ ಕಿವಿ ಕೇಳುವ ಒಬ್ಬಾಕೆ

ಅರುಣೋದಯಕ್ಕೆ ಮುನ್ನವೇ ಬಾಯ್ಲರಿಗೆ ಉರಿ ಹತ್ತಿದೆ. ಒಗೆಯುವ ಯಂತ್ರಗಳು ಗುಡುಗುತ್ತಿವೆ. ಹಬೆ ಸೂರಿಗೇರಿ ಹನಿಯಾಗಿ ಇಳಿಯುತ್ತಿದೆ. ಆ ಗದ್ದಲದ ನಡುವೆ ಹನ್ನೊಂದು ಮಂದಿ ನಿರಾತಂಕವಾಗಿ ಹರಟುತ್ತಿದ್ದಾರೆ: ಬೆರಳುಗಳಿಂದ, ಹುಬ್ಬುಗಳಿಂದ, ಹೆಗಲ ಕುಣಿತದಿಂದ. ಅವರಲ್ಲಿ ಯಾರಿಗೂ ಕಿವಿ ಕೇಳಿಸದು. ಮೂಲೆಯ ಸ್ಟೂಲಿನ ಮೇಲೆ ಕುಳಿತು ಹರಿದ ಹೊದಿಕೆಗಳ ಅಂಚು ಹೊಲಿಯುತ್ತಿರುವ ಹನ್ನೆರಡನೆಯವರಿಗೆ ಮಾತ್ರ ಎಲ್ಲ ಸದ್ದೂ ಕೇಳಿಸುತ್ತದೆ. ಈ ಲಾಂಡ್ರಿಯನ್ನು ಕಟ್ಟಿ ನಿಲ್ಲಿಸಿದವರು ಅವರೇ. ಬೀದಿಗೆಲ್ಲ ಅವರು ‘ಅಕ್ಕ’.

ಅಕ್ಕನ ಸೂಜಿ ಇಂದು ಹಾದಿ ತಪ್ಪುತ್ತಿದೆ. ಬೀದಿಯ ತುದಿಯ ಆಸ್ಪತ್ರೆಯಿಂದ ಕೊಳೆಬಟ್ಟೆ ತರಲು ತಳ್ಳುಗಾಡಿ ಇನ್ನೇನು ಹೊರಡಲಿದೆ. ಮೊದಲ ಬಾರಿಗೆ ಅದರ ಜೊತೆಯಲ್ಲಿ ಅವರಿಲ್ಲ. ಮೊಣಕಾಲು ಮುಷ್ಕರ ಹೂಡಿದೆ. ಕೆಲಸಗಾರರಲ್ಲಿ ಗುಂಗುರುಗೂದಲಿನವನೂ ಇಸ್ತ್ರಿ ಮಾಡುವ ಹುಡುಗಿಯೂ ಇಬ್ಬರೇ ಹೋಗುತ್ತಾರೆ. ಆಸ್ಪತ್ರೆಯ ಹಿರಿಯ ನರ್ಸ್ ನಿನ್ನೆಯೇ ಖಡಾಖಂಡಿತವಾಗಿ ಹೇಳಿದ್ದಾರೆ: “ಸೋಂಕಿನ ಬಟ್ಟೆ ಬೇರೆ, ಮಿಕ್ಕಿದ್ದು ಬೇರೆ. ನಮ್ಮ ಆಯಾ ಹೇಳೋದು ಇವರಿಗೆ ಕೇಳ್ಸೋದೇ ಇಲ್ವಲ್ಲಮ್ಮ? ಒಂದು ಸಲ ಕಲೆತುಹೋದ್ರೂ ಮುಗೀತು, ಬೇರೆ ಲಾಂಡ್ರಿಗೆ ಕೊಟ್ಟುಬಿಡ್ತೀನಿ.” ಇಲ್ಲಿಯ ದುಡಿಮೆಯೆಲ್ಲ ನಿಂತಿರುವುದು ಆ ಒಂದು ಆಸ್ಪತ್ರೆಯ ಮೇಲೆ.

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅಕ್ಕ ಬಾಗಿಲಲ್ಲೇ ನಿಲ್ಲುತ್ತಾರೆ.

ಅವರ ತಮ್ಮ ಹುಟ್ಟುಕಿವುಡ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಕತಮ್ಮಂದಿರು ಬಾಲ್ಯದಲ್ಲಿಯೇ ತಮಗೆಂದು ಒಂದು ಭಾಷೆಯನ್ನು ಹುಟ್ಟಿಸಿಕೊಂಡರು. ಗಲ್ಲ ಮುಟ್ಟಿದರೆ ಅಮ್ಮ, ಏಕೆಂದರೆ ಅಮ್ಮನ ಗಲ್ಲದ ಮೇಲೊಂದು ಮಚ್ಚೆಯಿತ್ತು. ಮೊಣಕೈ ತಟ್ಟಿದರೆ ಹಸಿವು. ಅದು ಯಾಕೆಂದು ಇಬ್ಬರಿಗೂ ಮರೆತುಹೋಗಿತ್ತು. ದೊಡ್ಡವನಾದ ತಮ್ಮನಿಗೆ ಯಾರೂ ಕೆಲಸ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಆ ಕೆಲಸ ಬಿಟ್ಟು, ಹಳೆಯ ಯಂತ್ರವೊಂದನ್ನು ಕೊಂಡು, ಅವನಂಥವರಿಗೆಂದೇ ಲಾಂಡ್ರಿ ತೆರೆದರು.

“ಚಂದಾ ಎತ್ತಿ ಅಂದ್ರು ಎಲ್ಲರೂ,” ಎಂದು ನಗುತ್ತಾರೆ. “ಪಾಪ ಅಂತ ಕೊಟ್ಟವರು ಎರಡನೇ ಸಲ ಬಾಗಿಲು ತೆಗೆಯಲ್ಲ. ಕೊಳೆಬಟ್ಟೆ ಹಾಗಲ್ಲ ನೋಡಿ, ನಾಳೆನೂ ಇರುತ್ತೆ. ಒಗೆದ ಬಟ್ಟೆ ಬೆಳ್ಳಗಿದ್ರೆ ಸಾಕು, ಒಗೆದವರ ಕಿವಿ ಯಾರು ನೋಡ್ತಾರೆ?”

ಲಾಭವೆಲ್ಲ ಸಂಬಳಕ್ಕೂ ಹೊಸ ಯಂತ್ರಕ್ಕೂ ಸಲ್ಲುತ್ತದೆ. ದಿನಕ್ಕೆ ನಾನೂರರಷ್ಟು ಹೊದಿಕೆಗಳು ಮಡಿಯಾಗಿ ಹೊರಡುತ್ತವೆ. ತಮ್ಮ ಮಾತ್ರ ಇಲ್ಲ. ಆರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ. ಉಳಿದವರೆಲ್ಲ ಕಿವುಡರ ಶಾಲೆಯಲ್ಲಿ ಕಲಿತವರು. ಅವರ ಸಂಜ್ಞೆಗಳೇ ಬೇರೆ. ಅಕ್ಕ ಆತುರದಲ್ಲಿ ಗಲ್ಲ ಮುಟ್ಟಿದರೆ ಅದು ಯಾರಿಗೂ ತಿಳಿಯದು. ಇಬ್ಬರಿಗಾಗಿಯೇ ಹುಟ್ಟಿದ್ದ ಭಾಷೆಗೆ ಈಗ ಆಡುವವರು ಒಬ್ಬರೇ, ಮರುನುಡಿಯಿಲ್ಲ.

ಮೊದಮೊದಲು ಅವರಿಂದ ಒಂದು ಪ್ರಮಾದವೂ ನಡೆಯುತ್ತಿತ್ತು. ಹಗಲಾಯಿತಲ್ಲ, ಕರೆಂಟು ಉಳಿಯಲಿ ಎಂದು ಒಗೆಯುವ ಕೋಣೆಯ ದೀಪ ಆರಿಸಿಬಿಡುತ್ತಿದ್ದರು. ಕಿಟಕಿಯಿಲ್ಲದ ಕೋಣೆ, ಅಷ್ಟೂ ಜನರ ಮಾತು ನಡುವೆಯೇ ಕಡಿದುಬೀಳುತ್ತಿತ್ತು. “ಒಂದಿನ ಇಸ್ತ್ರಿ ಹುಡುಗಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದು ತೋರ್ಸಿದ್ಲು, ‘ನೀನು ನಮಗೆ ಮಾಡ್ತಿರೋದು ಇದೇ’ ಅಂತ. ನಾಚಿಕೆ ಆಗಿಹೋಯ್ತು.”

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಗಾಡಿಗಿಂತ ಮೊದಲು ಫೋನು ಬರುತ್ತದೆ. ಹಿರಿಯ ನರ್ಸ್. ಅಕ್ಕ ಎದ್ದು ನಿಂತೇ ಕೇಳುತ್ತಾರೆ.

“ಎಲ್ಲ ಸರಿಯಾಗಿ ಬೇರೆ ಮಾಡ್ಕೊಂಡು ಹೋದ್ರಮ್ಮ. ನಮ್ಮ ಆಯಾನೂ ಕೈಸನ್ನೆ ಶುರು ಹಚ್ಕೊಂಡಿದಾಳೆ. ಇನ್ಮೇಲೆ ನೀವು ಬರೋದು ಬೇಡ, ಅವರೇ ಸಾಕು.”

ಫೋನು ಇಟ್ಟ ಅಕ್ಕ ಮತ್ತೆ ಸ್ಟೂಲಿಗೆ ಮರಳುತ್ತಾರೆ. “ನನ್ನ ಅಗತ್ಯ ಇವರಿಗೆ ಬೀಳಬಾರದು ಅಂತಾನೇ ಇಷ್ಟು ವರ್ಷ ಒದ್ದಾಡಿದ್ದು,” ಎನ್ನುತ್ತಾರೆ. “ಆದ್ರೂ ‘ನೀವು ಬರೋದು ಬೇಡ’ ಅಂದಾಗ ಎದೆಯೊಳಗೆ ಎಲ್ಲೋ ಖಾಲಿ ಆದ ಹಾಗಾಯ್ತು. ಮನುಷ್ಯರ ಬುದ್ಧಿನೇ ಇಷ್ಟು ನೋಡಿ.”

ಗಾಡಿ ಬರುತ್ತದೆ. ಗುಂಗುರುಗೂದಲಿನವನು ಮೂಟೆ ಇಳಿಸುವ ಮೊದಲೇ ಕಥೆ ಆರಂಭಿಸಿದ್ದಾನೆ. ಎಲ್ಲರೂ ಅವನನ್ನು ಮುತ್ತಿ ನಿಂತು ಮೈ ಕುಲುಕಿಸಿ ನಗುತ್ತಾರೆ. ಹಿಂದೆ ನಿಂತ ಅಕ್ಕನಿಗೆ ಕಾಣುವುದು ಬೆನ್ನುಗಳು ಮಾತ್ರ. ಅವರು ಹುಡುಗಿಯ ತೋಳು ತಟ್ಟಿ, ಏನೆಂದು ಕೇಳುತ್ತಾರೆ. ಅವಳು ಅವನನ್ನು ತಿರುಗಿಸಿ, ಇನ್ನೊಮ್ಮೆ ನಿಧಾನವಾಗಿ ಹೇಳಿಸುತ್ತಾಳೆ: ಆಯಾ ಕಿರುಚಿದಳು, ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕಿರುಚಿದಳು, ಆಗ ಇವನು ಎರಡೂ ಕಿವಿ ಮುಚ್ಚಿಕೊಂಡು ‘ಅಬ್ಬಾ, ಎಷ್ಟು ಜೋರು!’ ಎಂಬಂತೆ ಮುಖ ಕಿವುಚಿದ. ಆಯಾ ನಕ್ಕುಬಿಟ್ಟಳು, ಆಮೇಲೆ ಒಂದೊಂದು ಮೂಟೆಯನ್ನೂ ಬೆರಳು ಮಾಡಿ ತೋರಿಸಿದಳು.

ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಕ್ಕ ನಗುತ್ತಾರೆ, ಒಬ್ಬರೇ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ, ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ: “ಈಗ ಬೆಳಗಿನ ಹೊತ್ತು ಬಿಡುವಾಯ್ತಲ್ಲ, ಇವರ ಭಾಷೆ ಸರಿಯಾಗಿ ಕಲೀತೀನಿ. ಒಂದು ಜೋಕಾದ್ರೂ ಮೊದಲನೇ ಸಲಕ್ಕೇ ಅರ್ಥ ಆಗಬೇಕು ನಂಗೆ, ಎಲ್ಲರ ಜೊತೇಲಿ.”