ಓಂಕಾರಣ್ಣನ ಮೈಕು, ಪುಟ್ಟಮ್ಮನ ಬಾಯಿ

ಮೊನ್ನೆ ಕಡೂರಿನ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕುಳಿತಿದ್ದಾಗ ಮೈಕು ಒಮ್ಮೆಲೇ ಕುಂಯ್ ಎಂದು ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನೊಬ್ಬ ಮಾತ್ರ ಹೋಳಿಗೆ ಮರೆತು ನಕ್ಕೆ. ನಿಮಗೆ ವಿಚಿತ್ರ ಎನ್ನಿಸಬಹುದು. ಓಂಕಾರಣ್ಣನನ್ನು ನೀವು ಕಂಡಿಲ್ಲವಲ್ಲ.

ಓಂಕಾರಣ್ಣ ಅಜ್ಜಂಪುರದ ಕಡೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ನಾನು ಅಲ್ಲೇ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಯಾವ ಸಭೆಯಿದ್ದರೂ ಅವರು ವೇದಿಕೆಯ ಪಕ್ಕ ಸ್ಟೂಲು ಹಾಕಿಕೊಂಡು, ದನಿ ಏರಿಸಿ ಇಳಿಸುವ ತಿರುಪಿನ ಮೇಲೆ ಎರಡು ಬೆರಳಿಟ್ಟು ಕೂರುತ್ತಿದ್ದರು. ಭಾಷಣ ಮಾಡುವವನು ಯಾರದಾದರೂ ತಾಯಿಯನ್ನೋ ಜಾತಿಯನ್ನೋ ಎಳೆದು ಬೈಯಲು ಹೊರಟರೆ ಸಾಕು, ಮೈಕು ಸತ್ತುಹೋಗುತ್ತಿತ್ತು. ಬೈಗುಳ ಮುಂದಿನ ಸಾಲಿನಲ್ಲೇ ಕರಗಿ, ಹೊಡೆದಾಟ ತಪ್ಪುತ್ತಿತ್ತು. ಕೇಳಿದರೆ, "ವೈರ್ ಲೂಸಾಗಿತ್ತು ಕಣ್ರೀ" ಎನ್ನುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಸ್ವಾಗತ ಭಾಷಣ ಮುಕ್ಕಾಲು ಗಂಟೆ ದಾಟಿದಾಗಲೂ ವೈರು ಲೂಸಾಯಿತು. ನಾನು ಯಾರನ್ನೂ ಬೈದಿರಲಿಲ್ಲ.

"ಮಕ್ಳು ಹಸ್ಕೊಂಡವೆ ಮೇಷ್ಟ್ರೇ" ಎಂದರು.

ವಾಕ್ ಸ್ವಾತಂತ್ರ್ಯದ ಬಗ್ಗೆ ನನಗೆ ಕಾಳಜಿ ಹುಟ್ಟಿದ್ದು ಆ ದಿನವೇ.

ಅದೇ ವರ್ಷದ ಬೇಸಿಗೆಯಲ್ಲಿ ನಮ್ಮೂರ ಗ್ರಾಮಸಭೆಗೂ ಅವರದೇ ಮೈಕು. ಡೈರಿಗೆ ಹಾಲು ಹಾಕಿ ಬಂದಿದ್ದ ಪುಟ್ಟಮ್ಮ ಖಾಲಿ ಕ್ಯಾನು ಕಂಕುಳಲ್ಲಿಟ್ಟುಕೊಂಡೇ ಮೈಕು ಹಿಡಿದರು.

"ನಲ್ಲೀಲಿ ನೀರ್ ಬಂದು ಹದಿನೈದು ದಿನ ಆಯ್ತು. ಬೋರ್‌ವೆಲ್ ನೀರೆಲ್ಲ ಅಧ್ಯಕ್ಷರ ತೆಂಗಿನ ತೋಟಕ್ಕೆ ಹೋಯ್ತಾ ಐತೆ. ಹೌದೋ ಅಲ್ವೋ ಹೇಳ್ಲಿ!"

ಅಧ್ಯಕ್ಷರು ಓಂಕಾರಣ್ಣನಿಗೆ ಇಳಿಸು ಎಂದು ಸನ್ನೆ ಮಾಡಿದರು. ಓಂಕಾರಣ್ಣ ಏರಿಸಿದರು. ಪುಟ್ಟಮ್ಮನ ದನಿ ಬಸ್‌ಸ್ಟಾಪಿನವರೆಗೂ ಹೋಗಿ, ಬಸ್ಸಿಗೆ ಕಾದಿದ್ದವರೂ ಎದ್ದು ಬಂದರು. ನನಗಂತೂ ಚಪ್ಪಾಳೆ ತಟ್ಟುವ ಉಮೇದು. ಸರ್ಕಾರಿ ನೌಕರನೆಂಬುದು ನೆನಪಾಗಿ ಕೈಕಟ್ಟಿ ಕುಳಿತೆ.

"ಅವ್ರೊಬ್ರೇ ಅಲ್ಲ" ಎಂದರು ಪುಟ್ಟಮ್ಮ. "ತೋಟಕ್ಕೆ ನೀರ್ ತಿರುಗಿಸ್ತಿರೋ ನೀರ್ಗಂಟಿ ಯಾರು? ಇದೇ ಓಂಕಾರನ ಭಾವಮೈದ..."

ಮೈಕು ಸತ್ತಿತು.

ಸಭೆಗೆ ಸಭೆಯೇ ನಗಲಾರಂಭಿಸಿತು. ಪುಟ್ಟಮ್ಮ ಕ್ಯಾನು ಕೆಳಗಿಟ್ಟು ಸ್ಟೂಲಿನ ಬಳಿ ಹೋಗಿ ನಿಂತರು.

"ಯಾಕೋ ಓಂಕಾರಾ, ಯಾರ ಅವ್ವನ್ನಾದ್ರೂ ಬೈದ್ನಾ?"

"ಇಲ್ಲ ಕಣಕ್ಕಾ."

"ಸುಳ್ಳು ಹೇಳ್ದ್ನಾ?"

ಓಂಕಾರಣ್ಣ ತಿರುಪನ್ನೇ ನೋಡುತ್ತಾ ಕುಳಿತರು. "ಗೊತ್ತಿಲ್ಲ ಕಣಕ್ಕಾ."

"ಗೊತ್ತಿಲ್ದಿದ್ರೆ ಹಾಕು. ಜನ ತಿಳ್ಕಳ್ಳಿ."

ಕಿವಿಯ ತುದಿಯವರೆಗೂ ಕೆಂಪಾಗಿ, ಹಾಕಿದರು. ಪುಟ್ಟಮ್ಮ ವಾಕ್ಯವನ್ನು ಬಿಟ್ಟಲ್ಲಿಂದಲೇ ಹಿಡಿದು ಮುಗಿಸಿದರು. ಮೂರನೆಯ ದಿನ ನಲ್ಲಿಯಲ್ಲಿ ನೀರು ಬಂತು. ಓಂಕಾರಣ್ಣನ ಹೆಂಡತಿ ಮಾತ್ರ, ತಮ್ಮನ ಮಾನ ಕಳೆದರೆಂದು, ಒಂದು ತಿಂಗಳು ಗಂಡನ ಜೊತೆ ಮಾತು ಬಿಟ್ಟರಂತೆ.

"ಮನೇಲಿ ಪೂರ್ತಿ ಸೆನ್ಸಾರು ಮೇಷ್ಟ್ರೇ" ಎಂದು ಓಂಕಾರಣ್ಣ ಅಲವತ್ತುಕೊಂಡರು. ವೈರು ಸುತ್ತುತ್ತಾ, "ಅವತ್ತು ಆರಿಸ್ಬೇಕು ಅಂತ ನಾನು ಯೋಚ್ನೆನೇ ಮಾಡಿರ್ಲಿಲ್ಲ. ಬೆರಳೇ ತಿರುಗ್ಬಿಡ್ತು" ಎಂದರು. ಬೈಗುಳ ಬಂದರೆ ಆರಿಸುವುದನ್ನು ಅವರು ಕಡೆಯವರೆಗೂ ಬಿಡಲಿಲ್ಲ. ಆದರೆ ಆಮೇಲೆ ಅವರ ಮನೆಯವರ ಹೆಸರು ಬಂದಾಗಲೆಲ್ಲ ಸ್ಟೂಲು ಬಿಟ್ಟು ಎದ್ದು, ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು.

ನಿವೃತ್ತನಾಗಿ ತರೀಕೆರೆಗೆ ಬಂದ ಮೇಲೆ, ಬೇರೆ ಯಾರೂ ಒಪ್ಪದ ಕಾರಣ, ನಮ್ಮ ಬೀದಿಯ ಸಂಘಕ್ಕೆ ನಾನು ಅಧ್ಯಕ್ಷ. ಮದುವೆಯಿಂದ ಬಂದ ಮಾರನೆಯ ದಿನವೇ ಸಭೆಯಿತ್ತು. ಎದುರು ಮನೆಯ ಸೊಸೆ ಎದ್ದು, "ಅಂಕಲ್, ನಿಮ್ಮ ನಾಯಿ ನಮ್ಮ ಗೇಟಿನ ಮುಂದೆ ಗಲೀಜು ಮಾಡೋ ವಿಷ್ಯ ಮಾತಾಡ್ಬೇಕಿತ್ತು" ಎಂದು ಮೈಕು ಕೇಳಿದಳು. ಈಗಿನ ಮೈಕಿಗೆ ವೈರಿಲ್ಲ, ಹೆಬ್ಬೆರಳ ಕೆಳಗೇ ಸ್ವಿಚ್ಚು. ಕೊಡುವ ಮುನ್ನ ಅದನ್ನು ಆರಿಸಿಯೇ ಕೊಟ್ಟೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆಕೆ ಎರಡು ಸಲ ತಟ್ಟಿ, ನನ್ನ ಮುಖ ನೋಡಿದಳು. ನಾನೇ ಎದ್ದು ಹೋಗಿ ಹಾಕಿಕೊಟ್ಟೆ.

ಹತ್ತು ನಿಮಿಷ ಮಾತಾಡಿದಳು. ಈಗ ದಿನವೂ ಬೆಳಿಗ್ಗೆ ಹಳೆಯ ಪೇಪರು, ಒಂದು ಚೀಲ ಹಿಡಿದು ನಾಯಿಯ ಹಿಂದೆ ನಡೆಯುತ್ತೇನೆ.