ಗೋಡೆ ಹಣ್ಣಿನ ಚೀಟಿ

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಹಣ್ಣು ಮಾಡಿದರು. ಒಂದೂ ತಿನ್ನಲು ಬರುವಂಥದ್ದಲ್ಲ. ಶಾಲೆಗಳ ಗಾಜಿನ ಬೀರುವಿನಲ್ಲಿಡುವ ಪ್ಲಾಸ್ಟರ್ ಹಣ್ಣುಗಳು. ನಿಜವಾದ ಹಣ್ಣಿನಿಂದ ಅಚ್ಚು ತೆಗೆದು, ಎರಕ ಹೊಯ್ದು, ಅಸಲಿಯಷ್ಟೇ ತೂಗುವಂತೆ ಹೊಟ್ಟೆಗೆ ಮರಳು ತುಂಬಿ ಬಣ್ಣ ಹಚ್ಚುವರು. ಅಚ್ಚು ಕೊಟ್ಟ ಹಣ್ಣನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಬೇಕೆಂಬುದು ಅವರ ಕಟ್ಟಪ್ಪಣೆ. "ರುಚಿ ಗೊತ್ತಿಲ್ದೆ ಬಣ್ಣ ಹಚ್ಚಿದ್ರೆ ಅದು ಚೆಂಡಾಗುತ್ತೆ" ಅನ್ನುವರು. ಹೆಸರು, ಹಣ್ಣಾಗುವ ಕಾಲ, ರುಚಿ ಎಂದು ಚೀಟಿ ಬರೆಯುವುದು ನನ್ನ ಪಾಲಿನ ಕೆಲಸ.

ಹಿಂದಿನ ಕೋಣೆಯಲ್ಲಿ ನಮ್ಮ ಹುಬ್ಬಿನ ಮೇಲೂ ಬಿಳಿ ಪುಡಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಆ ಪುಡಿಯಲ್ಲಿ ತೇಲುತ್ತಿದ್ದರೆ ಯಾವುದೋ ತೋಟದೊಳಗೆ ಕೂತ ಹಾಗಿರುತ್ತಿತ್ತು. ತೂಕಡಿಸುತ್ತಿದ್ದ ದೊಡ್ಡಪ್ಪ ಎಚ್ಚೆತ್ತು "ಎಲೆ ಅಲ್ಲಾಡಿತಾ?" ಎಂದು ಕೇಳುವರು. ಹನ್ನೊಂದು ಬಗೆಯ ಸೇಬು ಕೇಳುತ್ತಿದ್ದ ಶಾಲೆಗಳು ಈಗ ಒಂದು ಸಾಕೆನ್ನುತ್ತವೆ. ಅಂಗಡಿಯಲ್ಲೇ ಒಂದೇ ಬಗೆ ಇರುವಾಗ ಪಾಪ, ಅವರನ್ನೇನು ಬೈಯುವುದು? ಆದರೂ ನಾನು ಬೈಯುತ್ತೇನೆ.

ದೊಡ್ಡಮ್ಮನ ತವರಿನ ಹಿತ್ತಿಲಲ್ಲಿ ಗೋಡೆಗೆ ಒರಗಿ ಬೆಳೆದ ಮರವೊಂದಿತ್ತಂತೆ. ಅದರ ಹಣ್ಣಿಗೆ ಗೋಡೆ ಹಣ್ಣು ಅಂತಲೇ ಹೆಸರು. ಕಿತ್ತ ಎರಡನೇ ದಿನಕ್ಕೆ ನೀರಾಗುತ್ತಿತ್ತು. ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಲಾಗದ್ದನ್ನು ಯಾವ ಅಂಗಡಿಯವನು ಮೂಸಿ ನೋಡುತ್ತಾನೆ? ಅಕ್ಕಪಕ್ಕದ ಮನೆಗಳ ಮರಗಳೆಲ್ಲ ಹೋಗಿ ಅದೊಂದೇ ಉಳಿದಿತ್ತು. ಅದು ಹಣ್ಣಾಗುವ ತಿಂಗಳಲ್ಲೇ ಇಲ್ಲಿ ಶಾಲೆಗಳ ಕೆಲಸ ಮೈತುಂಬ. "ಬನ್ನಿ, ಅಲ್ಲೇ ಅಚ್ಚು ತೆಗೀರಿ" ಎಂದು ದೊಡ್ಡಮ್ಮ ಪ್ರತಿ ವರ್ಷ ಕರೆದರು. "ಮುಂದಿನ ವರ್ಷ ನೋಡೋಣ" ಎಂದು ದೊಡ್ಡಪ್ಪ ಪ್ರತಿ ವರ್ಷ ಅಂದರು. ಹೊಸ ಗೋಡೆ ಕಟ್ಟುವಾಗ ತವರಿನವರು ಮರ ಕಡಿದರು. ಆ ಹಣ್ಣು ತಿಂದವರಲ್ಲಿ ಈಗ ಉಳಿದಿರುವುದು ದೊಡ್ಡಮ್ಮ ಒಬ್ಬರೇ. ಅವರಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ, ಇತ್ತೀಚೆಗೆ ಮರೆವು ಬೇರೆ.

"ಇವಳು ಮರೆತ್ರೆ ಮುಗೀತು" ಎನ್ನುತ್ತ ದೊಡ್ಡಪ್ಪ ಒಂದು ಮಧ್ಯಾಹ್ನ ಜೇಡಿಮಣ್ಣು ಕಲಸಿದರು.

ಅವರ ನೆನಪು ಕೇಳಿ ತಿದ್ದಿದ ಮೊದಲ ಮಣ್ಣಿನ ಹಣ್ಣನ್ನು ಕೈಗಿಟ್ಟಾಗ ದೊಡ್ಡಮ್ಮ "ಇದೇ ರೀ" ಅಂದರು.

"ಉಪ್ಪು ಜಾಸ್ತಿಯಾದ ನನ್ನ ಅಡುಗೆಗೂ ಹೀಗೇ ಹೂಂ ಅಂತೀಯ" ಎಂದು ದೊಡ್ಡಪ್ಪ ಅದನ್ನು ಮುದ್ದೆ ಮಾಡಿದರು. ಎರಡನೆಯದಕ್ಕೆ ಹೊಟ್ಟೆ ಸಾಲದು ಅಂದರು ದೊಡ್ಡಮ್ಮ. ಮೂರನೆಯದನ್ನು ದೊಡ್ಡಮ್ಮ ಸುಮ್ಮನೆ ತಿರುಗಿಸಿ ತಿರುಗಿಸಿ, ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದರು. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ. ಎದ್ದವರೇ ದೊಡ್ಡಮ್ಮ ನಿದ್ದೆಗಣ್ಣಲ್ಲೇ, "ಗೋಡೆ ಕಡೆ ಚಪ್ಪಟೆ ಇರ್ತಿತ್ತು. ಅಲ್ಲಿ ಹೆಬ್ಬೆರಳು ಕೂರ್ತಿತ್ತು" ಅಂದರು.

ನಾಲ್ಕನೆಯದು ಎರಕವಾಗಿ ಬಂತು. ಒಂದು ಬದಿ ಚಪ್ಪಟೆ. ದೊಡ್ಡಮ್ಮ "ಇನ್ನಷ್ಟು" ಅಂದಂತೆಲ್ಲ ನಾನು ಚಮಚದಲ್ಲಿ ಮರಳು ಸುರಿದೆ. ಅವರ ಹೆಬ್ಬೆರಳು ಜಾಗ ಹುಡುಕಿ ಕೂತಿತು. ಗಂಟಲಲ್ಲಿ ಎಂಜಲು ನುಂಗಿದ ಸದ್ದಾಯಿತು, ಕಾಣದ ಎಡಗಣ್ಣು ತಾನಾಗಿ ಕಿವುಚಿಕೊಂಡು ಮುಚ್ಚಿತು. ಹುಳಿ ತಿಂದವರ ಮುಖ. ನನಗಂತೂ ಎಲೆ ಅಲ್ಲಾಡಿದ್ದು ಕೇಳಿಸಿತು.

ನಾನು ಚೀಟಿ ತೆಗೆದುಕೊಂಡೆ. ಹೆಸರು ಬರೆದಾಯಿತು.

"ರುಚಿ ಏನಂತ ಬರೀಲಿ ದೊಡ್ಡಪ್ಪ?"

"ಎಡಗಣ್ಣು ಮುಚ್ಚುತ್ತೆ ಅಂತ ಬರಿ."

"ಕಾಲ?"

ದೊಡ್ಡಮ್ಮ ಹಣ್ಣನ್ನು ಕೆನ್ನೆಗೊತ್ತಿಕೊಂಡು ನಕ್ಕರು.

"ಮುಂದಿನ ವರ್ಷ ಅಂತ ಬರಿ ಮಗಳೇ. ನಿಮ್ಮ ದೊಡ್ಡಪ್ಪನಿಗೆ ಅರ್ಥವಾಗುತ್ತೆ."

ದೊಡ್ಡಪ್ಪ ಪ್ಲಾಸ್ಟರ್ ಕೈಯಿಂದಲೇ ಕಣ್ಣೊರೆಸಿಕೊಂಡರು. ಮುಖವೆಲ್ಲ ಬಿಳಿಯಾಯಿತು. ನಾನು ಹಾಗೇ ಬರೆದೆ.